ಬೆಳ್ಳಗೆ ಹುಟ್ಟಿದ ಮಗು, ಬೆಕ್ಕಿನ ಕಣ್ಣಿನ ಮೊಮ್ಮಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಂಡ್ಯದ ಪಿಯು ಕಾಲೇಜೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳಿದವಳು. ನನ್ನ ತಮ್ಮನಿಗೆ ಆಲ್ಬಿನಿಸಂ ಇದೆ. ಈ ಎರಡು ಕಾರಣಕ್ಕೆ ಜನ ನನ್ನನ್ನು ಮದುವೆ ಮನೆಯ ಪಂಕ್ತಿಯಲ್ಲಿ, ಮೈಸೂರು ರೈಲಿನಲ್ಲಿ, ಕಾಗದ ಬರೆದು, ಫೋನು ಮಾಡಿ ಕೇಳುತ್ತಲೇ ಬಂದಿದ್ದಾರೆ. ಅವರು ಕೇಳಿದ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಒಂದೆರಡು ಕಡೆ ಬೈಗುಳ ತೆಗೆದಿದ್ದೇನೆ, ಅಷ್ಟೆ.

## ಮೊದಲು ಕೇಳುವವು

ಆಲ್ಬಿನಿಸಂ ಅಂದ್ರೆ ತೊನ್ನೇ ಅಲ್ವಾ ಮೇಡಂ?

ಅಲ್ಲ. ತೊನ್ನು ಸಾಮಾನ್ಯವಾಗಿ ಹುಟ್ಟಿದ ಮೇಲೆ ಬರುವಂಥದ್ದು. ಇದ್ದ ಬಣ್ಣ ಅಲ್ಲಲ್ಲಿ ಹೋಗಿ ಮಚ್ಚೆ ಬೀಳುತ್ತದೆ. ಅಲ್ಲಿ ಬಣ್ಣ ತಯಾರಿಸುವ ಜೀವಕೋಶಗಳೇ ಸತ್ತಿರುತ್ತವೆ. ಆಲ್ಬಿನಿಸಂ ಹುಟ್ಟಿನಿಂದಲೇ ಇರುತ್ತದೆ, ಮೈಯೆಲ್ಲ ಒಂದೇ ಸಮ ಇರುತ್ತದೆ. ಜೀವಕೋಶಗಳು ಬದುಕಿರುತ್ತವೆ, ಆದರೆ ಮೆಲನಿನ್ ಎಂಬ ಬಣ್ಣವನ್ನು ತಯಾರಿಸಲು ಬರುವುದಿಲ್ಲ, ಅಥವಾ ತೀರಾ ಕಮ್ಮಿ ತಯಾರಿಸುತ್ತವೆ. ಒಲೆ ಇದೆ, ಸೌದೆ ಇಲ್ಲ ಅಂದುಕೊಳ್ಳಿ. ಎರಡೂ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ.

ಗ್ರಹಣದ ದಿನ ಹೊರಗೆ ಬಂದಿದ್ಲು, ಅದಕ್ಕೇ ಹೀಗಾಯ್ತು ಅಂತಾರೆ ನಮ್ಮತ್ತೆ. ನಿಜವಾ?

ಇಲ್ಲ. ಕೇಸರಿ ಹಾಲು ಜಾಸ್ತಿ ಕುಡಿದಿದ್ದಕ್ಕೂ ಅಲ್ಲ, ಬೆಳ್ಳಗಿನ ದೇವರ ಪಟ ನೋಡಿದ್ದಕ್ಕೂ ಅಲ್ಲ. ಮಗು ಹೊಟ್ಟೆಯಲ್ಲಿ ನಿಂತ ಗಳಿಗೆಯಲ್ಲೇ ಇದು ನಿರ್ಧಾರವಾಗಿರುತ್ತದೆ. ಆಮೇಲೆ ತಾಯಿ ಏನು ತಿಂದರೂ, ಏನು ನೋಡಿದರೂ ಬದಲಾಗುವುದಿಲ್ಲ.

ಇದರ ತಿರುಗಾಮುರುಗಾ ಇನ್ನೊಂದು ನಂಬಿಕೆ ಇದೆ. ಅದು ಇದಕ್ಕಿಂತ ಕೆಟ್ಟದ್ದು. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಗೆ ಹುಟ್ಟುತ್ತದೆ ಅಂತ ಹೆದರಿ ಎಷ್ಟೋ ಬಸುರಿಯರು ಮಾತ್ರೆಯನ್ನು ಕದ್ದು ಬಿಸಾಡುತ್ತಾರೆ. ಆ ಮಾತ್ರೆಯಿಂದ ಕಪ್ಪಗಾಗುವುದು ತಾಯಿಯ ಮಲ ಮಾತ್ರ. ಮಗುವಿನ ಬಣ್ಣಕ್ಕೂ ಅದಕ್ಕೂ ಸಂಬಂಧವಿಲ್ಲ. ದಯವಿಟ್ಟು ನುಂಗಿ.

ಇಂಥವರ ಕಣ್ಣು ಕೆಂಪಗಿರುತ್ತಂತೆ. ನಮ್ಮ ಮಗೂದು ನೀಲಿ. ಹಾಗಾದ್ರೆ ಇದು ಅದಲ್ಲ ತಾನೆ?

ಕೆಂಪು ಕಣ್ಣು ಸಿನಿಮಾದವರು ಹಬ್ಬಿಸಿದ ಮಾತು. ಹೆಚ್ಚಿನವರ ಕಣ್ಣು ನೀಲಿ, ಬೂದು ಅಥವಾ ತಿಳಿ ಕಂದು. ಕಣ್ಣಿನ ಬಣ್ಣದ ಬಳೆಯಲ್ಲಿ ಬಣ್ಣ ಕಮ್ಮಿ ಇರುವುದರಿಂದ ಕೆಲವು ಬೆಳಕಿನಲ್ಲಿ ಒಳಗಿನ ರಕ್ತನಾಳಗಳ ಕೆಂಪು ಹೊರಗೆ ಕಾಣುತ್ತದೆ. ಮದುವೆ ಫೋಟೋಗಳಲ್ಲಿ ನನ್ನ ತಮ್ಮನ ಕಣ್ಣು ಕೆಂಪು, ಮನೆಗೆ ಬಂದರೆ ಬೂದು.

ಚರ್ಮದ ತೊಂದರೆ ಅಂದ್ರು. ಆದ್ರೆ ಮಗು ಕಣ್ಣು ಅಲ್ಲಾಡ್ತಾನೇ ಇರುತ್ತೆ, ದೀಪ ಕಂಡ್ರೆ ಮುಚ್ಚಿಕೊಳ್ಳುತ್ತೆ. ಅದು ಬೇರೆ ಕಾಯಿಲೆನಾ?

ಒಂದೇ. ನಿಜ ಹೇಳಬೇಕೆಂದರೆ ಆಲ್ಬಿನಿಸಂ ಅನ್ನು ಚರ್ಮದ ವಿಷಯ ಅನ್ನುವುದಕ್ಕಿಂತ ಕಣ್ಣಿನ ವಿಷಯ ಅನ್ನುವುದೇ ಸರಿ. ಊರವರ ನೋಟ ಚರ್ಮದ ಮೇಲೆ, ಮಗುವಿನ ಕಷ್ಟ ಕಣ್ಣಿನಲ್ಲಿ.

ಹೊಟ್ಟೆಯಲ್ಲಿ ಕಣ್ಣು ರೂಪುಗೊಳ್ಳುವಾಗ ಅಲ್ಲಿ ಮೆಲನಿನ್ ಬೇಕು. ಅದು ಸಾಲದಿದ್ದರೆ ಎರಡು ಕೆಲಸ ಅರ್ಧಕ್ಕೆ ನಿಲ್ಲುತ್ತವೆ. ಕಣ್ಣಿನ ಹಿಂಭಾಗದ ಪರದೆಯ ನಡುವೆ ಒಂದು ಚಿಕ್ಕ ಗುಳಿ ಇರಬೇಕು. ಸಣ್ಣ ಅಕ್ಷರ ಓದುವುದು, ದೂರದ ಮುಖ ಗುರುತಿಸುವುದು ಆ ಗುಳಿಯ ಕೆಲಸ. ಅದು ಸರಿಯಾಗಿ ಆಗುವುದಿಲ್ಲ. ಎರಡನೆಯದು, ಕಣ್ಣಿನಿಂದ ಮಿದುಳಿಗೆ ಹೋಗುವ ನರದ ಎಳೆಗಳಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಆಚೆ ಬದಿಗೆ ದಾಟಬೇಕು, ಉಳಿದವು ಅದೇ ಬದಿಯಲ್ಲಿ ಹೋಗಬೇಕು. ಇವರಲ್ಲಿ ದಾಟುವ ಎಳೆಗಳೇ ಬಹಳ. ಹಾಗಾಗಿ ಎರಡೂ ಕಣ್ಣು ಸೇರಿ ಆಳ ಅಳೆಯುವುದು ಕಷ್ಟ. ಕೆಲವರಿಗೆ ಮಾಲುಗಣ್ಣೂ ಇರುತ್ತದೆ.

ಕಣ್ಣು ಅಲ್ಲಾಡುವುದು ಸಾಮಾನ್ಯವಾಗಿ ಎರಡು ಮೂರು ತಿಂಗಳಲ್ಲಿ ಶುರುವಾಗುತ್ತದೆ. ವಯಸ್ಸಾದಂತೆ ಕಮ್ಮಿಯಾಗಬಹುದು. ಕನ್ನಡಕ ಸಹಾಯ ಮಾಡುತ್ತದೆ, ಆದರೆ ಪೂರ್ತಿ ದೃಷ್ಟಿ ಕೊಡುವುದಿಲ್ಲ. ತೊಂದರೆ ಇರುವುದು ಕಣ್ಣಿನ ಮುಂದಿನ ಮಸೂರದಲ್ಲಲ್ಲ, ಹಿಂದೆ. ಬುದ್ಧಿಗೆ ಇದರಿಂದ ಏನೂ ಆಗುವುದಿಲ್ಲ. ಬಿಸಿಲಿನಿಂದ ಕಾಪಾಡಿಕೊಂಡರೆ ಆಯಸ್ಸಿಗೂ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

## ಬಿಸಿಲು, ಶಾಲೆ, ಕಚೇರಿ

ನಮ್ಮದು ಗದ್ದೆ ಕೆಲಸ. ಹುಡುಗನ್ನ ಹೊಲಕ್ಕೆ ಕರ್ಕೊಂಡು ಹೋಗಬಾರದಾ?

ಕರ್ಕೊಂಡು ಹೋಗಿ, ಹೊತ್ತು ನೋಡಿ ಹೋಗಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಯಲಲ್ಲಿ ನಿಲ್ಲಿಸಬೇಡಿ. ಕಬ್ಬು ಕಡಿಯುವವರು ಹಾಕುವ ಹಾಗೆ ತುಂಬು ತೋಳಿನ ಅಂಗಿ, ಮೇಲೊಂದು ಅಗಲ ಅಂಚಿನ ಟೋಪಿ. ಕ್ರಿಕೆಟ್ ಟೋಪಿ ಸಾಲದು, ಕಿವಿ ಮತ್ತು ಕತ್ತು ಸುಡುತ್ತವೆ. ಮುಖ, ಕೈಗೆ ಎಸ್‌ಪಿಎಫ್ 30 ಅಥವಾ ಅದಕ್ಕಿಂತ ಮೇಲಿನ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ. ಮೋಡ ಇದ್ದರೂ ಹಚ್ಚಿ. ನಾಲೆಯ ನೀರಿನಿಂದ ತಿರುಗಿ ಬರುವ ಬಿಸಿಲೂ ಸುಡುತ್ತದೆ.

ವಾಸಿಯಾಗದ ಗಾಯ, ಬೆಳೆಯುತ್ತಿರುವ ಗಂಟು, ಸಿಪ್ಪೆ ಏಳುವ ಕಲೆ ಕಂಡರೆ ತಡ ಮಾಡದೆ ಚರ್ಮದ ಡಾಕ್ಟರಿಗೆ ತೋರಿಸಿ. ಇವರಿಗೆ ಚರ್ಮದ ಕ್ಯಾನ್ಸರಿನ ಅಪಾಯ ಬಹಳ ಜಾಸ್ತಿ. ಬೇಗ ಕಂಡುಹಿಡಿದರೆ ಚಿಕ್ಕ ಆಪರೇಷನ್‌ನಲ್ಲಿ ಮುಗಿಯುತ್ತದೆ.

ಬೋರ್ಡ್ ಮೇಲಿಂದು ಬರೆಯಲ್ಲ, ಸೋಮಾರಿ ಅಂತಾರೆ ಟೀಚರ್ರು. ಏನ್ ಮಾಡೋದು?

ನನ್ನ ತಮ್ಮನಿಗೆ ಇದೇ ಕಾರಣಕ್ಕೆ ಮೂರನೇ ಕ್ಲಾಸಿನಲ್ಲಿ ಬೆತ್ತದ ಏಟು ಬಿದ್ದಿದೆ. ಅವನಿಗೆ ಬೋರ್ಡು ಇದೆ ಅನ್ನುವುದು ಕಾಣುತ್ತಿತ್ತು, ಬೋರ್ಡಿನ ಮೇಲೆ ಬರೆದದ್ದು ಕಾಣುತ್ತಿರಲಿಲ್ಲ. ಹೇಳಿಕೊಳ್ಳಲು ಅವನಿಗೂ ಗೊತ್ತಾಗಲಿಲ್ಲ. ಎಲ್ಲರಿಗೂ ಹೀಗೇ ಕಾಣುವುದು ಅಂದುಕೊಂಡಿದ್ದ.

ಮೊದಲ ಸಾಲಿನಲ್ಲಿ, ಕಿಟಕಿಗೆ ಬೆನ್ನು ಮಾಡಿ ಕೂರಿಸಿ. ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದರೆ ಬೈಯಬೇಡಿ, ಅದರಿಂದ ಕಣ್ಣು ಕೆಡುವುದಿಲ್ಲ. ಕತ್ತನ್ನು ಓರೆ ಮಾಡಿ ನೋಡುತ್ತಿದ್ದರೆ ಹಾಗೇ ಬಿಡಿ. ಆ ಕೋನದಲ್ಲಿ ಅವನ ಕಣ್ಣು ಕಮ್ಮಿ ಅಲ್ಲಾಡುತ್ತದೆ, ಚೆನ್ನಾಗಿ ಕಾಣುತ್ತದೆ. ಬೋರ್ಡಿನ ಫೋಟೋ ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿಕೊಳ್ಳಲಿ. ಪಬ್ಲಿಕ್ ಪರೀಕ್ಷೆಗೆ ಹೆಚ್ಚುವರಿ ಸಮಯ, ಬರೆಯುವವರ ನೆರವು ಕೇಳಬಹುದು. ಅದಕ್ಕೆ ಅಂಗವಿಕಲತೆಯ ಪ್ರಮಾಣಪತ್ರ ಬೇಕು.

ಆಲ್ಬಿನಿಸಂಗೆ ಪ್ರಮಾಣಪತ್ರ ಕೊಡಲ್ಲ ಅಂದ್ರಲ್ಲ?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಪಟ್ಟಿ ಮಾಡಿದ್ದಾರೆ. ಆಲ್ಬಿನಿಸಂ ಅಂತ ಹೆಸರಿಲ್ಲ. ಆದರೆ ‘ಮಂದ ದೃಷ್ಟಿ’ ಇದೆ. ಆ ಹೆಸರಿನಲ್ಲಿ ಕೇಳಿ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ (ಬೇರೆಯವರಿಗೆ 18 ಮೀಟರಿನಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಕಾಣುವುದು) ಕಮ್ಮಿ ಇದ್ದರೆ ಆ ಲೆಕ್ಕಕ್ಕೆ ಬರುತ್ತದೆ. ಮೀಸಲಾತಿಗೆ ಅಂಗವಿಕಲತೆ ಶೇಕಡಾ 40 ಇರಬೇಕು. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಹಾಕಿ, ತಪಾಸಣೆಗೆ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ‘ನೋಡೋಕೆ ಬೆಳ್ಳಗೆ ಚೆನ್ನಾಗೇ ಇದಾನಲ್ಲ’ ಅನ್ನುವ ಮಾತು ಕೌಂಟರಿನಲ್ಲಿ ಕೇಳಿಬಂದರೆ ಕಣ್ಣಿನ ಡಾಕ್ಟರ ಚೀಟಿ ಮುಂದಿಡಿ, ವಾದ ಬೇಡ.

## ಮನೆತನದ ಪ್ರಶ್ನೆಗಳು

ಎರಡೂ ಕಡೆ ಏಳು ತಲೆಮಾರಲ್ಲಿ ಯಾರಿಗೂ ಇಲ್ಲ. ಇದು ಎಲ್ಲಿಂದ ಬಂತು?

ಎರಡೂ ಕಡೆಯಿಂದ ಬಂತು. ಮೈ ಹೇಗಿರಬೇಕು ಅಂತ ಹೇಳುವ, ಹೆತ್ತವರಿಂದ ಬರುವ ಸೂಚನೆಗೆ ಜೀನ್ ಅನ್ನುತ್ತಾರೆ. ನಮ್ಮೆಲ್ಲರಲ್ಲೂ ಹೆಚ್ಚಿನ ಜೀನ್‌ಗಳ ಎರಡು ಪ್ರತಿ ಇರುತ್ತವೆ. ಒಂದು ಅಪ್ಪನದು, ಒಂದು ಅಮ್ಮನದು. ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಮಾಡಿಕೊಂಡು ಹೋಗುತ್ತದೆ. ಅಂಥವರು ನೋಡಲು ಎಲ್ಲರ ಹಾಗೇ ಇರುತ್ತಾರೆ, ಕಪ್ಪಗೂ ಇರಬಹುದು. ಅವರನ್ನು ವಾಹಕರು ಅನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 20,000 ಜನಕ್ಕೆ ಒಬ್ಬರಿಗೆ ಆಲ್ಬಿನಿಸಂ ಅಂತ ಹಿಡಿದರೆ, ವಾಹಕರು 70 ಜನಕ್ಕೆ ಒಬ್ಬರು. ಅಂದರೆ ಒಂದು ತುಂಬಿದ ಬಸ್ಸಿಗೆ ಒಬ್ಬರು. ಇಬ್ಬರು ವಾಹಕರು ಮದುವೆಯಾದಾಗ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರಲ್ಲ ಅಂತ ಅಲ್ಲ. ಪ್ರತಿ ಸಲವೂ ಕವಡೆ ಹೊಸದಾಗಿ ಬೀಳುತ್ತದೆ.

ಏಳು ತಲೆಮಾರು ಯಾರಿಗೂ ಇರಲಿಲ್ಲ ಅನ್ನುವುದು ಹೀಗೆ. ಅದು ಇತ್ತು, ಜೋಡಿ ಸಿಕ್ಕಿರಲಿಲ್ಲ.

ಸೋದರಮಾವನ್ನೇ ಮಾಡಿಕೊಂಡಿದ್ದಕ್ಕೆ ಹೀಗಾಯ್ತು ಅಂತಾರೆ. ನಮ್ಮ ಕಡೆ ಎಲ್ಲರೂ ಹಂಗೇ ಮಾಡ್ಕೊಳ್ಳೋದು. ಎಲ್ಲರಿಗೂ ಯಾಕಿಲ್ಲ?

ಎರಡೂ ಮಾತಿನಲ್ಲಿ ಅರ್ಧರ್ಧ ಸತ್ಯ ಇದೆ. ನಮ್ಮನೆಯದನ್ನೇ ಹೇಳುತ್ತೇನೆ. ನಮ್ಮಪ್ಪ ನಮ್ಮಮ್ಮನಿಗೆ ಸೋದರಮಾವ. ಅಪ್ಪನ ಅವ್ವನೂ ಅಮ್ಮನ ಅಜ್ಜಿಯೂ ಒಬ್ಬರೇ. ಆ ಮುದುಕಮ್ಮನಲ್ಲಿ ಒಂದು ಕೆಟ್ಟ ಪ್ರತಿ ಇದ್ದರೆ ಅದು ಮಗನ ದಾರಿಯಲ್ಲೂ ಮಗಳು, ಮೊಮ್ಮಗಳ ದಾರಿಯಲ್ಲೂ ಇಳಿದು ನನ್ನ ತಮ್ಮನಲ್ಲಿ ಮತ್ತೆ ಸೇರಬಹುದು. ನಮ್ಮಲ್ಲಿ ಆಗಿದ್ದು ಬಹುಶಃ ಇದೇ.

ಲೆಕ್ಕ ಹಾಕಿದರೆ ಹೀಗೆ ಬರುತ್ತದೆ. ಸಂಬಂಧ ಇಲ್ಲದವರಿಗೆ 20,000ಕ್ಕೆ ಒಂದು ಮಗು. ಅತ್ತೆ ಮಗಳು ಅಥವಾ ಸೋದರಮಾವನ ಮಗಳನ್ನು ಮದುವೆಯಾದರೆ ಸುಮಾರು 2,000ಕ್ಕೆ ಒಂದು. ಅಕ್ಕನ ಮಗಳನ್ನೇ ಮಾಡಿಕೊಂಡರೆ ಸುಮಾರು 1,100ಕ್ಕೆ ಒಂದು. ಹದಿನೆಂಟು ಪಟ್ಟು ಜಾಸ್ತಿ, ಆದರೂ ಸಾವಿರದ ತೊಂಬತ್ತೊಂಬತ್ತು ಮನೆಗಳಲ್ಲಿ ಏನೂ ಆಗುವುದಿಲ್ಲ. ಆ ಮನೆಗಳನ್ನು ತೋರಿಸಿಯೇ ಜನ ‘ಏನೂ ಆಗಲ್ಲ ಬಿಡಿ’ ಅನ್ನುವುದು. ಇದು ಒಂದು ತೊಂದರೆಯ ಲೆಕ್ಕ ಮಾತ್ರ. ಹುಟ್ಟು ಕಿವುಡಿನಂಥ ಬೇರೆ ಎಷ್ಟೋ ಇದೇ ದಾರಿಯಲ್ಲಿ ಬರುತ್ತವೆ. ಜಮೀನು ಹೊರಗೆ ಹೋಗಬಾರದು ಅಂತ ಮಾಡುವ ಮದುವೆಗೆ ಈ ಖರ್ಚೂ ಇದೆ.

ತಮ್ಮಂಗೆ ಆಲ್ಬಿನಿಸಂ, ಹೊರಗಿನವರು ಹೆಣ್ಣು ಕೊಡಲ್ಲ. ನಮ್ಮ ಅಕ್ಕನ ಮಗಳನ್ನೇ ತಂದ್ಕೊಂಡ್ರೆ?

ಇದನ್ನು ಕೇಳಿದವರ ಕಷ್ಟ ನನಗೆ ಗೊತ್ತು. ನಮ್ಮ ಮನೆಯಲ್ಲೂ ಈ ಮಾತು ಬಂದಿತ್ತು, ಹುಡುಗಿಯೂ ಒಪ್ಪಿದ್ದಳು. ನಾನು ಒಂದು ಹಾಳೆ ತಗೊಂಡು ಅಮ್ಮನ ಮುಂದೆ ಕೂತೆ.

ಅಕ್ಕನಿಗೆ ಆಲ್ಬಿನಿಸಂ ಇಲ್ಲ. ನಾಲ್ಕು ಸಾಧ್ಯತೆಯಲ್ಲಿ ಒಂದು ಹೋಯಿತು, ಉಳಿದ ಮೂರರಲ್ಲಿ ಎರಡರಲ್ಲಿ ಅವಳು ವಾಹಕಿ. ಅವಳ ಮಗಳು ವಾಹಕಿಯಾಗಿರುವ ಸಾಧ್ಯತೆ ಅದರ ಅರ್ಧ, ಅಂದರೆ ಮೂರರಲ್ಲಿ ಒಂದು. ತಮ್ಮ ಕೊಡುವುದಂತೂ ಕೆಟ್ಟ ಪ್ರತಿಯೇ. ಹುಡುಗಿ ವಾಹಕಿಯಾದರೆ ಮಕ್ಕಳಲ್ಲಿ ಅರ್ಧದಷ್ಟು. ಒಟ್ಟು ಆರರಲ್ಲಿ ಒಂದು. ಮಾವನ ಮಗಳಾದರೆ ಎಂಟರಲ್ಲಿ ಒಂದು. ಸಂಬಂಧವೇ ಇಲ್ಲದ ಹುಡುಗಿಯಾದರೆ 140ರಲ್ಲಿ ಒಂದು. ಅಮ್ಮ ಹಾಳೆ ಮಡಚಿಟ್ಟು ‘ಹೊರಗೇ ನೋಡವ್ವ’ ಅಂದಳು. ನಾಲ್ಕು ವರ್ಷ ಹಿಡಿಯಿತು.

ನನ್ನಂಥ ಅಕ್ಕತಂಗಿಯರಿಗೂ ಭಯ ಇರುತ್ತದೆ. ಸಂಬಂಧದ ಹೊರಗೆ ಮದುವೆಯಾದರೆ ನಮ್ಮ ಮಕ್ಕಳಿಗೆ ಬರುವುದು 400ಕ್ಕೆ ಒಂದರ ಆಸುಪಾಸು.

## ಬೆರೆತ ಬೇರುಗಳು

ಮಗು ನಮ್ಮ ಮಗಂದಲ್ಲ ಅಂತ ಊರಲ್ಲಿ ಮಾತಾಡ್ಕೋತಾರೆ. ಬಣ್ಣ ನೋಡಿದ್ರೆ ಗೊತ್ತಾಗಲ್ವಾ?

ಗೊತ್ತಾಗುವುದಿಲ್ಲ. ಅಷ್ಟೇ ಅಲ್ಲ, ಇಲ್ಲಿ ಊರಿನವರ ತರ್ಕ ತಲೆಕೆಳಗಾಗಿದೆ. ಮಗುವಿಗೆ ಆಲ್ಬಿನಿಸಂ ಬರಬೇಕಾದರೆ ಅಪ್ಪನೂ ಒಂದು ಪ್ರತಿ ಕೊಟ್ಟಿರಲೇಬೇಕು. ಯಾರೋ ಬೆಳ್ಳಗಿನ ಪರದೇಶಿಯಿಂದ ಇದು ಬರುವುದಿಲ್ಲ. ಬೆಳ್ಳಗಿನ ಜನಾಂಗ ಬೇರೆ, ಆಲ್ಬಿನಿಸಂ ಬೇರೆ. ಬಾಣಂತಿಯನ್ನು ತವರಿಗೆ ಕಳಿಸಿ ಮೂರು ವರ್ಷ ಕರೆಸಿಕೊಳ್ಳದ ಮನೆ ನನಗೆ ಗೊತ್ತು. ತಂದೆ ಯಾರು ಅನ್ನುವುದನ್ನು ಹೇಳುವುದು ಡಿಎನ್‌ಎ ಪರೀಕ್ಷೆ. ಬಣ್ಣ ಅಲ್ಲ, ಮೂಗು ಅಲ್ಲ, ಅತ್ತೆಯ ಅನುಮಾನವೂ ಅಲ್ಲ.

ನಮ್ಮ ಮೊಮ್ಮಗಳಿಗೆ ಬೆಕ್ಕಿನ ಕಣ್ಣು. ಶ್ರೀರಂಗಪಟ್ಟಣದಲ್ಲಿ ಫ್ರೆಂಚರು ಇದ್ರಲ್ಲ, ಅವರ ರಕ್ತ ಇರಬಹುದಾ?

ಈ ಪ್ರಶ್ನೆಯನ್ನು ಜನ ಸ್ವಲ್ಪ ಹೆಮ್ಮೆಯಿಂದಲೇ ಕೇಳುತ್ತಾರೆ. ಫ್ರೆಂಚರು ಇದ್ದದ್ದು ಹೌದು. ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಅಂತಲೇ ಹೆಸರಿತ್ತು. 1799ರ ಮೇಲೆ ಬ್ರಿಟಿಷ್ ದಂಡೂ ಶ್ರೀರಂಗಪಟ್ಟಣದಲ್ಲಿ ಇತ್ತು. ಆದರೆ ಒಂದು ಜೊತೆ ತಿಳಿ ಕಣ್ಣಿಗೆ ಅಷ್ಟು ದೂರದ ಸಿಪಾಯಿಯನ್ನು ಕರೆಸಬೇಕಾಗಿಲ್ಲ.

ಜೀನ್‌ಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ. ಕಣ್ಣಿನ ಬಣ್ಣದ ದೊಡ್ಡ ಪಾಲು 15ನೇ ಕ್ರೋಮೋಸೋಮಿನ ಒಂದು ತುಣುಕಿನಲ್ಲಿದೆ. ಅಲ್ಲಿ ಓಸಿಎ2 ಅಂತ ಒಂದು ಜೀನ್, ಪಕ್ಕದಲ್ಲೇ ಅದನ್ನು ಹೆಚ್ಚು ಕಮ್ಮಿ ಮಾಡುವ ಒಂದು ಸ್ವಿಚ್ಚು. ಸ್ವಿಚ್ಚು ಕಮ್ಮಿಯಾಗಿದ್ದರೆ ತಿಳಿ ಕಣ್ಣು, ಅಷ್ಟೆ. ಜೀನೇ ಕೆಟ್ಟಿದ್ದರೆ, ಅದೂ ಎರಡು ಪ್ರತಿಯೂ ಕೆಟ್ಟಿದ್ದರೆ, ಆಲ್ಬಿನಿಸಂನ ಎರಡನೇ ಬಗೆ. (ಯಾವ ಜೀನ್ ಕೆಟ್ಟಿದೆ ಅನ್ನುವುದನ್ನು ನೋಡಿ ಆಲ್ಬಿನಿಸಂ ಅನ್ನು ಒಂದನೇ ಬಗೆ, ಎರಡನೇ ಬಗೆ ಅಂತ ಎಣಿಸುತ್ತಾರೆ.) ಬೆಕ್ಕಿನ ಕಣ್ಣು ಇದ್ದವರ ದೃಷ್ಟಿಗೆ ಏನೂ ಆಗಿರುವುದಿಲ್ಲ. ತಿಳಿ ಕಣ್ಣಿನ ರೂಪ ಯುರೋಪಿನಲ್ಲಿ ಮಾತ್ರ ಇಲ್ಲ, ಇರಾನ್, ಅಫ್ಘಾನಿಸ್ತಾನ, ಕಾಶ್ಮೀರದಲ್ಲೂ ಇದೆ. ಅದು ಕಾಣದ ಹಾಗೆ ತಲೆಮಾರುಗಟ್ಟಲೆ ಅಡಗಿ ಬರಬಲ್ಲದು.

ಇನ್ನೊಂದು ವಿಷಯ. ನಾವು ‘ಬೆರಕೆ’ ಅನ್ನುವುದನ್ನು ಬೈಗುಳ ಮಾಡಿಕೊಂಡಿದ್ದೇವೆ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಈ ದೇಶದಲ್ಲಿ ಬೇರೆ ಬೇರೆ ಮೂಲದ ಜನ ಜೋರಾಗಿಯೇ ಬೆರೆತರು. ಆಮೇಲೆ ಜಾತಿಯೊಳಗೇ ಮದುವೆ ಅಂತ ಬೇಲಿ ಹಾಕಿಕೊಂಡರು. ಬೇಲಿ ಹಾಕುವಷ್ಟರಲ್ಲಿ ಎಲ್ಲರೊಳಗೂ ಎಲ್ಲ ಬಂದಾಗಿತ್ತು.

ಒಂದೇ ತಾಯಿ ಮಕ್ಕಳು, ಒಬ್ಬ ಕೆಂಚ, ಒಬ್ಬ ಕರಿಯ. ಹೆಂಗೆ?

ಸಾಮಾನ್ಯ ಮೈಬಣ್ಣ ಒಂದು ಜೀನ್‌ನ ಕೆಲಸವಲ್ಲ, ಹಲವು ಜೀನ್‌ಗಳದ್ದು. ಇಸ್ಪೀಟು ಎಲೆ ಹಂಚಿದ ಹಾಗೆ ಪ್ರತಿ ಮಗುವಿಗೂ ಬೇರೆ ಕೈ ಬರುತ್ತದೆ. ಅವುಗಳಲ್ಲಿ ಒಂದು, 2005ರಲ್ಲಿ ಜೀಬ್ರಾ ಮೀನಿನ ಮೂಲಕ ಪತ್ತೆಯಾದದ್ದು. ಅದರ ತಿಳಿ ಬಣ್ಣದ ರೂಪ ಉತ್ತರ ಭಾರತದಲ್ಲಿ ಜಾಸ್ತಿ, ನಮ್ಮ ಕಡೆ ಕಮ್ಮಿ, ಆದರೆ ಇದೆ. ಮಂಡ್ಯ ಜಿಲ್ಲೆಯ ಯಾವುದಾದರೂ ಊರಿನ ಮತದಾರರ ಪಟ್ಟಿ ತೆಗೆಯಿರಿ. ಕೆಂಪೇಗೌಡ, ಕರೀಗೌಡ, ಕೆಂಚಯ್ಯ, ಕರಿಯಮ್ಮ, ಕೆಂಪಮ್ಮ ಒಂದೇ ಬೀದಿಯಲ್ಲಿ ಸಿಗುತ್ತಾರೆ.

ಕೆಂಚು ಕೂದಲಿಗೆ ಮಾತ್ರ ಒಂದು ಎಚ್ಚರಿಕೆ. ಮೊದಲು ಕಪ್ಪಗಿದ್ದ ಕೂದಲು ಕೆಂಚಾಗಿ ತೆಳುವಾಗುತ್ತಿದ್ದರೆ ಅದು ವಂಶದ್ದಲ್ಲ, ಊಟದಲ್ಲಿ ಪ್ರೋಟೀನ್ ಸಾಲದ್ದೂ ಇರಬಹುದು. ಡಾಕ್ಟರಿಗೆ ತೋರಿಸಿ.

ನನ್ನ ಹೆಂಡತಿ ಜರ್ಮನಿಯವಳು. ಅಷ್ಟು ದೂರದವರಾದ್ರೆ ಮಕ್ಕಳಿಗೆ ಈ ಅಪಾಯ ಇರಲ್ಲ ಅಲ್ವಾ?

ತುಂಬಾ ಕಮ್ಮಿ, ಸೊನ್ನೆ ಅಲ್ಲ. ಆಲ್ಬಿನಿಸಂ ಎಲ್ಲ ಜನಾಂಗದಲ್ಲೂ ಇದೆ, ಆದರೆ ಹೆಚ್ಚಾಗಿ ಕೆಡುವ ಜೀನ್ ಎಲ್ಲ ಕಡೆ ಒಂದೇ ಅಲ್ಲ. ಭಾರತದಲ್ಲಿ ಮೊದಲ ಬಗೆ ಜಾಸ್ತಿ, ಆಫ್ರಿಕಾದಲ್ಲಿ ಎರಡನೆಯದು. ನಾಲ್ಕನೆಯದು ಜಪಾನಿನಲ್ಲಿ ಹೆಚ್ಚಾಗಿ ಕಾಣುತ್ತದೆ. ಅಪ್ಪನಲ್ಲಿ ಒಂದು ಜೀನ್, ಅಮ್ಮನಲ್ಲಿ ಬೇರೊಂದು ಕೆಟ್ಟಿದ್ದರೆ ಮಗುವಿಗೆ ತೊಂದರೆ ಇಲ್ಲ. ಇಬ್ಬರಲ್ಲೂ ಅದೇ ಜೀನ್ ಕೆಟ್ಟಿರಬೇಕು.

ಇಂಥ ಮನೆಗಳಲ್ಲಿ ಬೇರೆ ತೊಡಕಿದೆ. ನಮ್ಮೂರಲ್ಲಿ ಹುಟ್ಟಿದ ಮಗು ಹತ್ತಿಯಂಥ ಕೂದಲು ಹೊತ್ತು ಬಂದರೆ ಸೂಲಗಿತ್ತಿಗೂ ಗೊತ್ತಾಗುತ್ತದೆ. ತಾಯಿ ಹೊಂಗೂದಲಿನವಳಾದರೆ ಎಲ್ಲರೂ ‘ಅಮ್ಮನ ಹಾಗೆ’ ಅಂದುಬಿಡುತ್ತಾರೆ. ಅಲ್ಲಿ ಬಣ್ಣ ಸಾಕ್ಷಿ ಹೇಳುವುದಿಲ್ಲ. ಕಣ್ಣು ಅಲ್ಲಾಡುತ್ತಿದೆಯಾ, ಬೆಳಕಿಗೆ ಮುಖ ತಿರುಗಿಸುತ್ತದೆಯಾ ನೋಡಿ. ಎರಡನೇ ಬಗೆಯಲ್ಲಿ ಕೂದಲು ಹಳದಿ, ತಿಳಿ ಕಂದು ಇರಬಹುದು. ವಯಸ್ಸಾದಂತೆ ಗಾಢವಾಗಲೂಬಹುದು.

ಹೊಂಗೂದಲು ಕಂಡ ಕೂಡಲೇ ಯುರೋಪು ಅನ್ನುವುದೂ ತಪ್ಪು. ಸಾಲೊಮನ್ ದ್ವೀಪಗಳ ಜನ ತುಂಬಾ ಕಪ್ಪು, ಅವರಲ್ಲಿ ಶೇಕಡಾ 5ರಿಂದ 10 ಜನಕ್ಕೆ ಹೊಂಗೂದಲು. ಅದು ಅವರದೇ ಜೀನ್ ಬದಲಾವಣೆ, ಯುರೋಪಿನದಲ್ಲ ಅಂತ 2012ರಲ್ಲಿ ಗೊತ್ತಾಯಿತು.

ಮಗು ಕುಂಡಿ ಮೇಲೆ ನೀಲಿ ಕಲೆ ಇದೆ. ಯಾರೋ ಹೊಡೆದಿದಾರಾ? ಟಿಬೆಟ್‌ನವರಿಗೆ ಮಾತ್ರ ಬರುತ್ತಂತೆ?

ಯಾರೂ ಹೊಡೆದಿಲ್ಲ. ಬಣ್ಣದ ಕೋಶಗಳು ಚರ್ಮದ ಆಳದಲ್ಲೇ ಉಳಿದುಕೊಂಡಿರುತ್ತವೆ, ಹಾಗಾಗಿ ನೀಲಿಯಾಗಿ ಕಾಣುತ್ತವೆ. ಬೈಲುಕುಪ್ಪೆಯ ಮಕ್ಕಳಿಗೂ ಇರುತ್ತದೆ, ಮದ್ದೂರಿನ ಮಕ್ಕಳಿಗೂ ಇರುತ್ತದೆ. ಶಾಲೆಗೆ ಹೋಗುವಷ್ಟರಲ್ಲಿ ಸಾಮಾನ್ಯವಾಗಿ ಮಾಸಿಹೋಗುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

ಗಂಡ ಹೆಂಡತಿ ಇಬ್ಬರಿಗೂ ಆಲ್ಬಿನಿಸಂ ಇದ್ರೆ ಮಕ್ಕಳೆಲ್ಲ ಹಾಗೇನಾ?

ಇಬ್ಬರದೂ ಒಂದೇ ಬಗೆಯಾದರೆ ಹೌದು. ಬೇರೆ ಬೇರೆ ಬಗೆಯಾದರೆ ಒಬ್ಬರಿಗೂ ಇರುವುದಿಲ್ಲ. ಅವನಲ್ಲಿ ಕೆಟ್ಟದ್ದು ಅವಳಲ್ಲಿ ಸರಿ ಇದೆ, ಅವಳಲ್ಲಿ ಕೆಟ್ಟದ್ದು ಅವನಲ್ಲಿ ಸರಿ ಇದೆ. 1952ರಲ್ಲಿ ಇಂಗ್ಲೆಂಡಿನ ಇಂಥ ಒಂದು ದಂಪತಿಗೆ ಮಾಮೂಲಿ ಬಣ್ಣದ ಮಕ್ಕಳಾದದ್ದು ವೈದ್ಯರ ಪತ್ರಿಕೆಯಲ್ಲಿ ವರದಿಯಾಯಿತು. ಆಲ್ಬಿನಿಸಂ ಒಂದೇ ಅಲ್ಲ ಅನ್ನುವುದಕ್ಕೆ ಅದು ಒಳ್ಳೆಯ ಪುರಾವೆಯಾಯಿತು.

ಮೈಸೂರು ಝೂನಲ್ಲಿ ಬಿಳಿ ಹುಲಿ ಇರುತ್ತಲ್ಲ, ಅದೂ ಇದೇನಾ?

ಮಕ್ಕಳ ಅಚ್ಚುಮೆಚ್ಚಿನ ಪ್ರಶ್ನೆ. ಬಿಳಿ ಹುಲಿಗೆ ಕಪ್ಪು ಪಟ್ಟೆ ಇದೆ, ಅಂದರೆ ಬಣ್ಣ ತಯಾರಾಗುತ್ತಿದೆ. ಆದ್ದರಿಂದ ಪೂರ್ತಿ ಆಲ್ಬಿನಿಸಂ ಅಲ್ಲ. ಆದರೆ ನೆಂಟಸ್ತನ ಇದೆ. ಅದರಲ್ಲಿ ಬದಲಾಗಿರುವುದು ಎಸ್‌ಎಲ್‌ಸಿ45ಎ2 ಎಂಬ ಜೀನ್ ಅಂತ 2013ರಲ್ಲಿ ಗೊತ್ತಾಯಿತು. ಮನುಷ್ಯರಲ್ಲಿ ಅದೇ ಜೀನ್ ಕೆಟ್ಟರೆ ಆಲ್ಬಿನಿಸಂನ ನಾಲ್ಕನೇ ಬಗೆ. ಬಿಳಿ ಹುಲಿಗಳಿಗೂ ಕಣ್ಣಿನ ನರದ ಎಳೆಗಳು ಹೆಚ್ಚಾಗಿ ಆಚೆ ಬದಿಗೆ ದಾಟುತ್ತವೆ, ಎಷ್ಟೋ ಹುಲಿಗಳಿಗೆ ಮಾಲುಗಣ್ಣು. 1951ರಲ್ಲಿ ಈಗಿನ ಮಧ್ಯಪ್ರದೇಶದ ರೇವಾದಲ್ಲಿ ಹಿಡಿದ ಮೋಹನ್ ಎಂಬ ಬಿಳಿ ಮರಿಯನ್ನು ಮುಂದೆ ಅದರ ಮಗಳ ಜೊತೆಗೇ ಕೂಡಿಸಿ ಬಿಳಿ ಮರಿಗಳನ್ನು ಪಡೆದರು. ಇಂದಿನ ಮೃಗಾಲಯಗಳ ಬಿಳಿ ಹುಲಿಗಳಲ್ಲಿ ಬಹುಪಾಲು ಅದರ ವಂಶ. ರಕ್ತ ಸಂಬಂಧದ ಪಾಠಕ್ಕೆ ನಾನು ಪ್ರತಿ ವರ್ಷ ಹುಡುಗರನ್ನು ಆ ಪಂಜರದ ಮುಂದೆ ನಿಲ್ಲಿಸುತ್ತಿದ್ದೆ.

ಮೈಬಣ್ಣ ಎಲ್ಲರ ಹಾಗೇ ಇದೆ, ಕಣ್ಣಿಂದು ಮಾತ್ರ ಆಲ್ಬಿನಿಸಂ ಅಂದ್ರು ಡಾಕ್ಟ್ರು. ಅಮ್ಮನ ಅಣ್ಣನಿಗೂ ಹಂಗೇ ಇತ್ತು.

ಹೌದು, ಅದು ಬೇರೆ ಜಾತಿ. ಆ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿದೆ. ಗಂಡಿಗೆ ಎಕ್ಸ್ ಒಂದೇ, ಅದೂ ಅಮ್ಮನದು. ಹಾಗಾಗಿ ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುತ್ತದೆ. ವಾಹಕಿ ತಾಯಿಯ ಗಂಡುಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ. ಇಲ್ಲಿ ಸೋದರ ಸಂಬಂಧದ ಲೆಕ್ಕ ಹಾಗೇ ಅನ್ವಯಿಸುವುದಿಲ್ಲ.

ಮೂಗಲ್ಲಿ ರಕ್ತ ಬಂದ್ರೆ ನಿಲ್ಲೋದೇ ಇಲ್ಲ, ಸುಮ್ನೆ ತಾಗಿದ್ರೂ ನೀಲಿಗಟ್ಟುತ್ತೆ. ಉಷ್ಣನಾ?

ಉಷ್ಣ ಅಂತ ಬಿಡಬೇಡಿ. ಹರ್ಮನ್‌ಸ್ಕಿ–ಪುಡ್ಲಾಕ್ ಎಂಬ ಆಲ್ಬಿನಿಸಂನ ಅಪರೂಪದ ಬಗೆಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಕಣಗಳೂ ಸರಿ ಇರುವುದಿಲ್ಲ. ಹಲ್ಲು ಕೀಳಿಸುವ ಮೊದಲು, ಆಪರೇಷನ್ ಅಥವಾ ಹೆರಿಗೆಗೆ ಮೊದಲು ಡಾಕ್ಟರಿಗೆ ಹೇಳಲೇಬೇಕು. ಕೇಳದೆ ಆಸ್ಪಿರಿನ್ ಕೊಡಬೇಡಿ.

ಔಷಧಿ ಇದೆಯಾ? ಪರೀಕ್ಷೆ ಮಾಡಿಸಬೇಕಾ?

ಇದನ್ನು ವಾಸಿ ಮಾಡುವ ಔಷಧಿ ಇಲ್ಲ. ಎಣ್ಣೆ, ಲೇಹ್ಯ, ಭಸ್ಮ ಅಂತ ದುಡ್ಡು ಸುರಿಯಬೇಡಿ. ಜೀನ್ ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು, ಯಾವ ಬಗೆ ಅಂತ ತಿಳಿಯುತ್ತದೆ. ಇನ್ನೊಂದು ಮಗು ಬೇಕು ಅನ್ನುವವರಿಗೆ, ರಕ್ತಸ್ರಾವದ ಅನುಮಾನ ಇರುವವರಿಗೆ ಅದು ಉಪಯೋಗ. ಉಳಿದವರಿಗೆ ಮೊದಲ ಖರ್ಚು ಕಣ್ಣಿನ ಡಾಕ್ಟರದ್ದು, ಎರಡನೆಯದು ಟೋಪಿಯದ್ದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರದಂಥ ಕಡೆ ವಂಶದ ಬಗ್ಗೆ ಕೂತು ವಿವರಿಸುವವರಿದ್ದಾರೆ. ಹೋಗುವಾಗ ಮೂರು ತಲೆಮಾರಿನ ಹೆಸರು, ಯಾರು ಯಾರನ್ನು ಮದುವೆಯಾದರು ಅನ್ನುವುದನ್ನು ಬರೆದುಕೊಂಡು ಹೋಗಿ. ಮನೆಯ ಅಜ್ಜಿಯನ್ನು ಕೇಳಿದರೆ ಒಂದು ಗಂಟೆಯ ಕೆಲಸ.

ನಿಮ್ಮ ತಮ್ಮನ ಮಕ್ಕಳು ಹೇಗಿದಾರೆ ಅಂತ ಕೇಳಬಹುದಾ?

ಕೇಳಿ, ಎಲ್ಲರೂ ಕೇಳುತ್ತಾರೆ. ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಅವಳಮ್ಮನ ಹಾಗೆ ಎಣ್ಣೆಗೆಂಪು, ಇನ್ನೊಬ್ಬಳು ನನ್ನ ಹಾಗೆ ಕಪ್ಪು. ಇಬ್ಬರೂ ವಾಹಕಿಯರು, ಅದಕ್ಕೆ ಪರೀಕ್ಷೆ ಬೇಕಿಲ್ಲ. ಅಪ್ಪನ ಬಳಿ ಕೊಡಲು ಬೇರೆ ಪ್ರತಿ ಇರಲಿಲ್ಲ. ದೊಡ್ಡವಳಿಗೆ ಈಗಲೇ ಸಂಬಂಧ ಕೇಳಿಕೊಂಡು ಬರುತ್ತಿದ್ದಾರೆ, ಮೊದಲು ಬಂದವರು ಅವಳ ಸೋದರಮಾವನ ಕಡೆಯವರೇ. ನಾನು ಆ ಹಳೇ ಹಾಳೆಯನ್ನು ಹುಡುಕುತ್ತಿದ್ದೇನೆ.